ನಮ್ಮವರು ಮೇಲೆ ಹೋದ ಬೆಳಿಗ್ಗೆ

ಹಲ್ಲಿನ ಡಾಕ್ಟರ ಹತ್ತಿರ ಬಾಯಿ ತೆರೆದು ಕೂತಾಗ ನಿಮ್ಮನ್ನು ಸದ್ದಿಲ್ಲದೆ ಮೇಲಕ್ಕೆತ್ತಿ, ಬೆನ್ನನ್ನು ಹಿತವಾಗಿ ವಾಲಿಸಿ, ದೀಪದ ಕೆಳಗೆ ತಂದು ನಿಲ್ಲಿಸುವ ಕುರ್ಚಿ ಇದೆಯಲ್ಲ, ಅದರ ನಕ್ಷೆ ಬರೆಯುವುದು ನನ್ನ ಕಸುಬು. ಮೂವತ್ತೊಂದು ವರ್ಷಗಳಿಂದ ಜನರನ್ನು ಏರಿಸಿ ಇಳಿಸಿ ಪಳಗಿದವಳು. ನನ್ನ ಕುರ್ಚಿಯಲ್ಲಿ ಕೂತು ಹಲ್ಲು ಕಳೆದುಕೊಂಡವರುಂಟು, ಧೈರ್ಯ ಕಳೆದುಕೊಂಡವರುಂಟು. ಕುರ್ಚಿಯಿಂದ ಬಿದ್ದವರು ಮಾತ್ರ ಒಬ್ಬರೂ ಇಲ್ಲ. ಹೀಗಿರುವಾಗ, ನಮ್ಮವರನ್ನು ದಿನಕ್ಕೆ ಹದಿನೈದು ನಿಮಿಷ ಮೆಟ್ಟಿಲು ಹತ್ತಿಸಿ ಎಂದು ಹೃದಯದ ಡಾಕ್ಟರು ಹೇಳಿದ ದಿನ ನಾನು ಆಸ್ಪತ್ರೆಯ ಬಾಗಿಲಲ್ಲೇ ನಿಂತು ಘೋಷಿಸಿದೆ: ಇವರು ಮೆಟ್ಟಿಲ ಹತ್ತಿರ ಹೋಗುವುದು ಬೇಡ, ಮೆಟ್ಟಿಲೇ ಇವರ ಹತ್ತಿರ ಬರುತ್ತದೆ. ನಾನು ತರಿಸುತ್ತೇನೆ!

ನಮ್ಮವರು ಒಂದು ಅಚ್ಚುಕೂಟದಲ್ಲಿ ನಿಘಂಟಿನ ಕರಡು ತಿದ್ದುವವರು. ಇಪ್ಪತ್ತಾರು ವರ್ಷಗಳಿಂದ ಕೂತ ಕುರ್ಚಿ ಬಿಟ್ಟು ಕದಲದೆ ಬೇರೆಯವರ ತಪ್ಪು ಹುಡುಕಿ ಸಂಸಾರ ಸಾಕಿದವರು. 'ನಡೆ' ಎಂಬ ಪದಕ್ಕೆ ಹದಿನಾಲ್ಕು ಅರ್ಥ ಬಲ್ಲರು. ಹದಿನಾಲ್ಕರಲ್ಲಿ ಒಂದನ್ನೂ ಕಾಲಿನಿಂದ ಮಾಡಿ ತೋರಿಸಿದವರಲ್ಲ. ತೂಕ ತೊಂಬತ್ತೊಂದು. ಡಾಕ್ಟರು ಇವರನ್ನು ಓಡುವ ಪಟ್ಟಿಯ ಮೇಲೆ ನಿಲ್ಲಿಸಿ, ಎದೆಗೆ ತಂತಿ ಅಂಟಿಸಿ, ಕಾಗದದ ಮೇಲೆ ಗೆರೆ ತೆಗೆದರು. ಜೀವಮಾನವೆಲ್ಲ ಗೆರೆ ಎಳೆದವಳು ನಾನು, ಆ ಗೆರೆ ಏಳಬೇಕಾದ ಕಡೆ ಬೀಳುತ್ತಿದೆ ಎನ್ನುವುದು ಡಾಕ್ಟರು ಬಾಯಿ ಬಿಡುವ ಮೊದಲೇ ನನಗೆ ತಿಳಿದುಹೋಯಿತು. ಎರಡು ತಿಂಗಳು ಬಿಟ್ಟು ಮತ್ತೆ ನೋಡೋಣ, ಆಗಲೂ ಹೀಗೇ ಇದ್ದರೆ ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತೇನೆ ಎಂದರು. ಏನನ್ನು ತೆರೆಯಬೇಕಾಗುತ್ತದೆ ಎಂಬುದನ್ನೂ ಮೆಲ್ಲಗೆ ಹೇಳಿದರು. ನಾನು ಆ ಮಾತನ್ನು ಅರ್ಧಕ್ಕೇ ಕೇಳಿಸಿಕೊಳ್ಳುವುದನ್ನು ನಿಲ್ಲಿಸಿ, ಮನಸ್ಸಿನಲ್ಲೇ ಯಂತ್ರದ ನಕ್ಷೆ ಬರೆಯತೊಡಗಿದೆ. ಹೆದರಿದಾಗ ಕೆಲವರು ಅಳುತ್ತಾರೆ, ಕೆಲವರು ದೇವರ ಮೊರೆ ಹೋಗುತ್ತಾರೆ. ನಾನು ಪೆನ್ಸಿಲ್ ಚೂಪು ಮಾಡುತ್ತೇನೆ.

ಯಂತ್ರ ಯಾಕೆ, ರಸ್ತೆ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಆದರೆ ರಸ್ತೆಯಲ್ಲಿ ನಾಯಿ, ನಾಯಿ ಇಲ್ಲದ ಕಡೆ ಧೂಳು, ಧೂಳಿಲ್ಲದ ಕಡೆ ಪರಿಚಯದವರು. ಇವೆಲ್ಲ ಇವರಿಗೆ ಆಗುವುದಿಲ್ಲ. ನಮ್ಮದು ನೆಲಮಟ್ಟದ ಮನೆ, ಮೆಟ್ಟಿಲೆಂದರೆ ಹೊಸ್ತಿಲೊಂದೇ. ಇವರನ್ನು ಎದುರಿನ ನಾಲ್ಕಂತಸ್ತಿನ ಕಟ್ಟಡಕ್ಕೆ ಅಟ್ಟಿದೆ. ಮೊದಲ ದಿನ ಎರಡನೇ ಮಹಡಿಯ ಹೆಂಗಸು ಇವರನ್ನು ಕೊರಿಯರಿನವರೆಂದು ತಿಳಿದು ಪೊಟ್ಟಣಕ್ಕೆ ಕೈಚಾಚಿದರಂತೆ. ಎರಡನೆಯ ದಿನ ಕಾವಲುಗಾರ ಯಾರನ್ನು ನೋಡಬೇಕೆಂದು ಕೇಳಿದ್ದಕ್ಕೆ, ಸುಳ್ಳು ಹೇಳಿ ಗೊತ್ತಿಲ್ಲದ ಇವರು, ಯಾರನ್ನೂ ಇಲ್ಲ, ಸುಮ್ಮನೆ ಹತ್ತಿ ಇಳಿಯಲು ಬಂದೆ ಎಂದರಂತೆ. ಅವನು ತನ್ನ ಕುರ್ಚಿಯಲ್ಲೇ ಇವರನ್ನು ಕೂರಿಸಿ ಅರ್ಧ ಗಂಟೆ ವಿಚಾರಣೆ ಮಾಡಿದ. ಹತ್ತಲು ಹೋದವರು ಅಲ್ಲೂ ಕೂತು ಬಂದರು.

ಅಂಗಡಿಯಲ್ಲಿ ಒಂದು ಮೆಟ್ಟುಯಂತ್ರ ನೋಡಿದೆ. ಎರಡು ಹಲಗೆ, ನಿಂತು ಒಂದೊಂದಾಗಿ ತುಳಿಯುವುದು, ಮುಗಿಯಿತು. ಆರಡಿಯವನಿಗೂ ಅದೇ, ಮೂರಡಿಯವನಿಗೂ ಅದೇ. ಊರಿಗೆಲ್ಲ ಒಂದೇ ಅಳತೆಯ ಚಪ್ಪಲಿ! ನಾನು ಮೂಗು ಮುರಿದು ಹೊರಬಂದೆ. ನನ್ನ ಯಂತ್ರ ಹಾಗಿರಲು ಸಾಧ್ಯವೇ? ಅದರಲ್ಲಿ ಎಲ್ಲವೂ ಹೊಂದಿಕೊಳ್ಳಬೇಕು. ನಮ್ಮವರು ಐದಡಿ ಹತ್ತಂಗುಲ, ನಮ್ಮ ಅತ್ತೆ ನಾಲ್ಕಡಿ ಒಂಬತ್ತಂಗುಲ, ನಾನು ನಡುವೆ ಎಲ್ಲೋ. ಕೈಹಿಡಿಯನ್ನು ಗೋಡೆಗೆ ಭದ್ರವಾಗಿ ಕೂರಿಸುವುದು. ಎತ್ತರದವರು ಬಂದರೆ ನಿಲ್ಲುವ ಪೀಠ ಕೆಳಗಿಳಿಯಬೇಕು, ಕುಳ್ಳರು ಬಂದರೆ ಮೇಲೇರಬೇಕು. ಅದಕ್ಕೆ ನನ್ನದೇ ಕುರ್ಚಿಯ, ಒಳಗೆ ಎಣ್ಣೆ ತುಂಬಿದಂತೆ ಮೇಲೇರುವ ಎಣ್ಣೆಕಂಬ. ತುಳಿತ ಹಗುರಾಗಲು, ಬಿಗಿಯಾಗಲು ಎರಡು ಹಲಗೆಗಳ ಕೆಳಗೆ ಎರಡು ಪುಟ್ಟ ಎಣ್ಣೆಕೊಳವೆ. ಇವೆರಡು ಏರ್ಪಾಟಿಗೂ ಬೇರೆ ಬೇರೆ ವಾಲ್ವು ಹಾಕುವುದು ಸಾಮಾನ್ಯರ ದಾರಿ. ನಾನು ಒಂದೇ ವಾಲ್ವಿನಲ್ಲಿ ಎರಡನ್ನೂ ನಡೆಸುವ ನಕ್ಷೆ ಬರೆದೆ. ಗುಂಡಿಯನ್ನು ಎಡಕ್ಕೆ ತಿರುಗಿಸಿದರೆ ಎಣ್ಣೆ ಕಂಬಕ್ಕೆ ಹೋಗಿ ಪೀಠ ಏರುತ್ತದೆ. ಬಲಕ್ಕೆ ತಿರುಗಿಸಿದರೆ ಹಲಗೆಗಳ ನಡುವೆಯೇ ಓಡಾಡಿ ತುಳಿಯಲು ಬರುತ್ತದೆ. ಬರೆದು ಮುಗಿಸಿ, ಆ ನಕ್ಷೆಯನ್ನು ಅಡುಗೆಮನೆಯ ಗೋಡೆಗೆ ಒರಗಿಸಿ, ದೂರ ನಿಂತು ನೋಡಿ, ನನಗೆ ನಾನೇ ತಲೆಬಾಗಿದೆ.

ತಲೆಬಾಗದವರು ಒಬ್ಬರೇ, ನಮ್ಮ ಕಾರ್ಖಾನೆಯ ಹಿರಿಯ ಫಿಟ್ಟರು. ಎಲ್ಲರೂ ಅವರನ್ನು ಮೌನಿ ಎನ್ನುತ್ತಾರೆ. ದಿನಕ್ಕೆ ಆರೇಳು ಮಾತಿಗಿಂತ ಹೆಚ್ಚು ಖರ್ಚು ಮಾಡುವುದಿಲ್ಲ. ಮರುದಿನ ಕಾರ್ಖಾನೆಯಲ್ಲಿ ತೋರಿಸಿದಾಗ ನಕ್ಷೆಯ ಮೇಲೆ ದಪ್ಪ ಬೆರಳಿಟ್ಟು, ಇಡೀ ದಿನದ ಮಾತನ್ನು ಅಲ್ಲೇ ಸುರಿದರು.

"ಒಂದು ವಾಲ್ವಿಗೆ ಎರಡು ಕೆಲಸ ಬೇಡಮ್ಮ."

"ಯಾಕೆ ಬೇಡ? ಒಂದೇ ಬಾಯಲ್ಲಿ ನಾವು ಊಟಾನೂ ಮಾಡ್ತೀವಿ, ಮಾತೂ ಆಡ್ತೀವಲ್ಲ," ಎಂದೆ ನಾನು.

"ಎರಡೂ ಒಟ್ಟಿಗೆ ಮಾಡಿದ್ರೆ ಕೆಮ್ಮು ಬರತ್ತೆ," ಎಂದು ಹೇಳಿ ಅವರು ತಮ್ಮ ಮೇಜಿಗೆ ಹೋದರು.

ಕೆಮ್ಮು ಬರುವುದು ಅವಸರದವರಿಗೆ, ನನಗಲ್ಲ ಎಂದುಕೊಂಡೆ.

ಎರಡು ವಾರದ ಸಂಜೆಗಳು ಯಂತ್ರಕ್ಕೆ ಹೋದವು. ಬಟ್ಟೆ ಇಸ್ತ್ರಿ ಮಾಡುವ ಚಿಕ್ಕ ಕೋಣೆಯೇ ಕಾರ್ಯಾಗಾರವಾಯಿತು. ಎದುರಿಗೆ ಗೋಡೆ, ಬಲಕ್ಕೆ ಕಬ್ಬಿಣದ ಬೀರು, ಎಡಕ್ಕೆ ಕಿಟಕಿ. ನಡುವೆ ನನ್ನ ಕೃತಿ. ನಾಲ್ಕು ಬೋಲ್ಟು ಬಿಗಿದು ಕೈಹಿಡಿಯನ್ನು ಗೋಡೆಗೆ ಕೂರಿಸಿದೆ. ಎಣ್ಣೆಯ ಕೊಳವೆಗಳು ಕಾಣಬಾರದೆಂದು ಬುಡಕ್ಕೆ ನೀಲಿ ತಗಡಿನ ಹೊದಿಕೆ ಹಾಕಿ, ಅಜ್ಞಾನಿಗಳ ಕೈ ಒಳಗೆ ಹೋಗದಿರಲಿ ಎಂದು ನಮ್ಮ ಕಾರ್ಖಾನೆಯದೇ ಏಳು ಮೂಲೆಯ ಸ್ಕ್ರೂಗಳನ್ನು ಹನ್ನೆರಡು ಕಡೆ ಬಿಗಿದೆ. ಅದನ್ನು ಬಿಚ್ಚುವ ಕೀಲಿ ಲೋಕದಲ್ಲಿ ಕಾರ್ಖಾನೆಯವರ ಹತ್ತಿರ ಬಿಟ್ಟರೆ ಯಾರ ಹತ್ತಿರವೂ ಇಲ್ಲ. ಆ ಕೀಲಿಯನ್ನು ಪ್ರಾಮಾಣಿಕಳಾಗಿ ಮರುದಿನವೇ ಕಾರ್ಖಾನೆಗೆ ಹಿಂದಿರುಗಿಸಿದೆ. ಹೊರಗೆ ಕಾಣುವಂತೆ ಉಳಿದದ್ದು ವಾಲ್ವಿನ ಗುಂಡಿ ಒಂದೇ. ನಾನೇ ಹತ್ತು ಹೆಜ್ಜೆ ತುಳಿದು ನೋಡಿದೆ. ಬೆಣ್ಣೆ!

ಉದ್ಘಾಟನೆ ರಜೆಯ ದಿನ, ಬೆಳಿಗ್ಗೆ ಎಂಟಕ್ಕೆ. ನಮ್ಮವರು ಹಳೆಯ ಬನಿಯನ್ನು, ಹೊಸ ಚಡ್ಡಿ ಧರಿಸಿ ಬಲಿಪೀಠ ನೋಡಿದವರ ಹಾಗೆ ಯಂತ್ರವನ್ನು ನೋಡಿದರು. ಅತ್ತೆ ಹಜಾರದಲ್ಲಿ ತರಕಾರಿ ಹೆಚ್ಚುತ್ತಿದ್ದರು. ನಾನು ಗುಂಡಿಯನ್ನು ಬಲಕ್ಕೆ ತಿರುಗಿಸಿ, ಮೋಟು ಸ್ಟೂಲಿನ ಮೇಲೆ ಕೂತು, ಒಂದು ಕೈಯಲ್ಲಿ ಗಡಿಯಾರ, ಒಂದು ಕೈಯಲ್ಲಿ ಟಿಪ್ಪಣಿ ಪುಸ್ತಕ ಹಿಡಿದು, ಹತ್ತಿ ಎಂದೆ.

ಹತ್ತಿದರು. ಎಡ, ಬಲ, ಎಡ, ಬಲ. ಯಂತ್ರ ಪುಸ್ ಪುಸ್ ಎಂದು ಹಿತವಾಗಿ ಉಸಿರಾಡುತ್ತಿತ್ತು. ಇಪ್ಪತ್ತು ಹೆಜ್ಜೆ, ಮೂವತ್ತು ಹೆಜ್ಜೆ. ನಾನು ತಲೆ ತಗ್ಗಿಸಿ ಪ್ರತಿ ಹತ್ತು ಹೆಜ್ಜೆಗೆ ಎಷ್ಟು ಸೆಕೆಂಡೆಂದು ಬರೆಯುತ್ತಿದ್ದೆ. ಮೂವತ್ತೈದರ ಹತ್ತಿರ ಇವರು, ಕೈಹಿಡಿ ಕೆಳಗೆ ಹೋಗುತ್ತಿದೆ ಎಂದರು. ನಾಲ್ಕು ಬೋಲ್ಟು ಬಿಗಿದಿದ್ದೇನೆ, ಗೋಡೆ ಬಿದ್ದರೂ ಅದು ಎಲ್ಲಿಗೂ ಹೋಗುವುದಿಲ್ಲ, ಸುಮ್ಮನೆ ತುಳಿಯಿರಿ ಎಂದೆ. ಐವತ್ತರ ಹತ್ತಿರ, ಅದು ಈಗ ಹೊಟ್ಟೆಯ ಹತ್ತಿರ ಇದೆ ಎಂದರು. ಹೊಟ್ಟೆ ಮುಂದಕ್ಕೆ ಬಂದಿರುವುದರಿಂದ ಹಾಗೆ ಅನ್ನಿಸುತ್ತದೆ ಎಂದೆ. ಅರವತ್ತರಲ್ಲಿ, ಬಗ್ಗಿ ಹಿಡಿದುಕೊಳ್ಳಬೇಕಾಗಿದೆ ಎಂದು ದೂರಿದರು. ಮೈ ಬಗ್ಗದವರಿಗೆ ಅದೂ ಒಳ್ಳೆಯದೇ ಎಂದು, ಪುಸ್ತಕದಲ್ಲಿ 'ನೆಪ: ಮೂರು' ಎಂದು ಗುರುತು ಹಾಕಿಕೊಂಡೆ. ಸ್ವಲ್ಪ ಹೊತ್ತು ಪುಸ್ ಪುಸ್ ಬಿಟ್ಟರೆ ಬೇರೆ ಸದ್ದಿಲ್ಲ. ಆಮೇಲೆ ಮೇಲಿನಿಂದ ಮಾತು ಬಂತು.

"ಬೀರು ಮೇಲೆ ಧೂಳು ಬಹಳ ಇದೆ ಕಣೆ."

ನನ್ನ ಪೆನ್ಸಿಲ್ ನಿಂತಿತು. ಮದುವೆಯಾಗಿ ಇಪ್ಪತ್ತೆಂಟು ವರ್ಷಗಳಲ್ಲಿ ಇವರು ಬೀರುವಿನ ನೆತ್ತಿ ಕಂಡವರಲ್ಲ. ಬಲ್ಬು ಬದಲಿಸಲೂ ನಾನೇ ಹತ್ತಬೇಕು. ಸ್ಟೂಲಿನ ಮೇಲೆ ನಿಂತರೆ ಇವರಿಗೆ ತಲೆ ಸುತ್ತುತ್ತದೆ. ಮೆಲ್ಲಗೆ ತಲೆಯೆತ್ತಿದೆ. ಮುಖ ಇರಬೇಕಾದ ಕಡೆ ಸೊಂಟ ಇತ್ತು. ಇನ್ನೂ ಎತ್ತಿದೆ. ಕೈಹಿಡಿ ಇವರ ತೊಡೆಯಿಂದ ಕೆಳಗಿತ್ತು. ಇವರು ಅದನ್ನು ಬಿಟ್ಟು ಎರಡು ಕೈಯಲ್ಲೂ ಬೀರುವಿನ ಅಂಚು ಹಿಡಿದು, ವಿಧೇಯರಾಗಿ ತುಳಿಯುತ್ತಲೇ ಇದ್ದರು. ಒಂದೊಂದು ಹೆಜ್ಜೆಗೂ ಪೀಠ ಒಂದು ನೂಲು ಮೇಲೇರುತ್ತಿತ್ತು. ಗುಂಡಿ ಅದುರಿ ಅದುರಿ ಬಲದಿಂದ ನಡುಮಧ್ಯಕ್ಕೆ ಜಾರಿ, ತುಳಿದ ಎಣ್ಣೆಯೆಲ್ಲ ಕಂಬಕ್ಕೆ ಹೋಗುತ್ತಿತ್ತು. ಹೋಗುವ ದಾರಿ ಉಂಟು, ಬರುವ ದಾರಿ ಇಲ್ಲ. ಎಂಥ ಅಚ್ಚುಕಟ್ಟಾದ ಕೆಲಸ! ನನ್ನ ಗಂಡ ತಮ್ಮನ್ನು ತಾವೇ ಪಂಪು ಹೊಡೆದುಕೊಂಡು ಸೂರಿಗೆ ಹೊರಟಿದ್ದರು.

"ನಿಲ್ಲಿ," ಎಂದೆ.

ಅಷ್ಟು ಹೊತ್ತಿಗೆ ಇವರಿಗೆ ಬೇರೊಂದು ವಿಷಯ ಸಿಕ್ಕಿತ್ತು. "ಇಲ್ಲೊಂದು ಡಬ್ಬಿ ಇದೆ. 'ಉಪ್ಪು ಹಾಕಿ ಕರಿದ ಗೋಡಂಬಿ.' ಗೋಡಂಬಿಗೆ ಡ ಅಕ್ಷರಾನೇ ಬಿಟ್ಟಿದಾರೆ, ಗೋಂಬಿ ಅಂತಾಗಿದೆ." ಒಂದು ಕ್ಷಣ ಬಿಟ್ಟು, "ಅರ್ಧ ಖಾಲಿ ಆಗಿದೆ," ಎಂದರು.

ಈಗ ಒಪ್ಪಿಕೊಳ್ಳುತ್ತೇನೆ. ಡಾಕ್ಟರ ಹತ್ತಿರ ಹೋಗಿ ಬಂದ ದಿನ ಮನೆಗೆಲ್ಲ ಎಣ್ಣೆ ಪದಾರ್ಥ ನಿಷಿದ್ಧ ಎಂದು ಸಾರಿದವಳು ನಾನು. ಗಂಡನಿಗಿಲ್ಲದ್ದು ನನಗೂ ಬೇಡ ಎಂದು ಕಣ್ಣೀರಿನ ಅಂಚಿಗೆ ಬಂದು ಹೇಳಿದವಳೂ ನಾನೇ. ಆ ಡಬ್ಬಿಯ ಸಂಗತಿ ಮಾತ್ರ ಹೇಳಿರಲಿಲ್ಲ. ಯಂತ್ರ ಬರೆಯುವಾಗ ಬಾಯಿಗೆ ಏನಾದರೂ ಬೇಕಾಗುತ್ತದೆ. ಆ ಎತ್ತರಕ್ಕೆ ಈ ಮನೆಯಲ್ಲಿ ಯಾರ ಕಣ್ಣೂ ಏರುವುದಿಲ್ಲ ಎಂದು ಲೆಕ್ಕ ಹಾಕಿ ಇಟ್ಟಿದ್ದೆ. ನನ್ನ ಲೆಕ್ಕವನ್ನು ನನ್ನ ಯಂತ್ರವೇ ಸುಳ್ಳು ಮಾಡಿತು.

ಗುಂಡಿ ತಿರುಗಿಸಲು ಬಗ್ಗಿದೆ. ಅದು ಬಾಳೆಹಣ್ಣಿನ ಸಿಪ್ಪೆ ಬಂದ ಹಾಗೆ ಸುಲಭವಾಗಿ ನನ್ನ ಕೈಗೆ ಬಂತು. ಅದನ್ನು ಹಿಡಿದಿಡುವ ಸಣ್ಣ ತಿರುಪನ್ನು ನಾಳೆ ಬಿಗಿದರಾಯಿತು ಎಂದು ಬಿಟ್ಟಿದ್ದೆ. ಒಳಗಿನ ಕಡ್ಡಿ ತಗಡಿನ ಹಿಂದೆ, ತಗಡು ಹನ್ನೆರಡು ಸ್ಕ್ರೂಗಳ ಹಿಂದೆ, ಕೀಲಿ ಕಾರ್ಖಾನೆಯ ಬೀಗದ ಹಿಂದೆ. ಚಮಚ ಹಾಕಿದೆ, ಚಾಕು ಹಾಕಿದೆ, ಇಕ್ಕಳ ಹಾಕಿದೆ. ಅಜ್ಞಾನಿಗಳ ಕೈ ಒಳಗೆ ಹೋಗದಂತೆ ಮಾಡಿದ ವ್ಯವಸ್ಥೆ ನಿಜಕ್ಕೂ ಸೊಗಸಾಗಿ ಕೆಲಸ ಮಾಡಿತು.

ಇಳಿದುಬಿಡಿ, ಸ್ಟೂಲು ಹಿಡಿದಿರುತ್ತೇನೆ ಎಂದೆ. ಇಳಿಯಲು ಇವರು ಒಂದು ಕಾಲೆತ್ತಿದರು. ಎತ್ತಿದ ಕೂಡಲೇ ಭಾರವೆಲ್ಲ ಇನ್ನೊಂದು ಹಲಗೆಗೆ ಬಿದ್ದು, ಪುಸ್ ಎಂದು, ಮತ್ತೊಂದು ನೂಲು ಮೇಲೆ. ಹೆದರಿ ಕಾಲು ಬದಲಿಸಿದರು. ಪುಸ್. ಇಳಿಯುವ ಪ್ರಯತ್ನ ಮಾಡಿದಷ್ಟೂ ಏರುವ ಮನುಷ್ಯನನ್ನು ನಾನು ಕಾರ್ಖಾನೆಯ ರಾಜಕೀಯದಲ್ಲಿ ಕಂಡಿದ್ದೆ, ಮನೆಯಲ್ಲಿ ಕಂಡಿರಲಿಲ್ಲ. ಹತ್ತಾರು ಸಲ ಹೀಗಾಗುವಷ್ಟರಲ್ಲಿ ಇವರ ತಲೆ ಸೂರಿಗೆ ತಾಗಿ, ಕತ್ತು ವಾಲಿಸಿ, ಒಂದು ಕಾಲು ಮೇಲೆ ಒಂದು ಕಾಲು ಕೆಳಗಾಗಿ ಕೊಕ್ಕರೆಯ ಹಾಗೆ ನಿಂತರು. ಕೆಳಗೆ ನೋಡಿದ್ದೇ ತಪ್ಪಾಯಿತು. ಕಣ್ಣು ಮುಚ್ಚಿದವರು, ಇನ್ನು ತೆರೆಯುವುದಿಲ್ಲ, ಕಾಲನ್ನಂತೂ ಎತ್ತುವುದೇ ಇಲ್ಲ ಎಂದುಬಿಟ್ಟರು.

ಸದ್ದು ಕೇಳಿ ಅತ್ತೆ ಬಾಗಿಲಿಗೆ ಬಂದರು. ಕೈಯಲ್ಲಿ ಹೆಚ್ಚುತ್ತಿದ್ದ ಚಾಕು ಹಾಗೇ ಇತ್ತು. ಮಗನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

"ಗಂಡನ್ನ ತಲೆ ಮೇಲೆ ಹತ್ತಿಸ್ಕೊಂಡೋರನ್ನ ನೋಡಿದೀನಿ. ಸೂರಿಗೇ ಹತ್ತಿಸಿದೋಳು ನೀನೊಬ್ಬಳೇ ತಾಯಿ."

ಅತ್ತೆ ಊಟದ ಮೇಜು ತರೋಣವೆಂದರು. ಅದು ಕೋಣೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಏಣಿ ಇರಲಿಲ್ಲ. ಅಟ್ಟ ಹತ್ತಿಸಿ ಏಣಿ ತೆಗೆಯುವವರ ಕಥೆ ಕೇಳಿದ್ದೇನೆ. ಏಣಿಯೇ ಇಲ್ಲದೆ ಹತ್ತಿಸಿದ ಕೀರ್ತಿ ನನ್ನದಾಯಿತು. ಉಳಿದದ್ದು ಒಂದೇ ದಾರಿ. ಎರಡು ಬೀದಿ ಆಚೆ ಇರುವ ಮೌನಿ ಫಿಟ್ಟರಿಗೆ ಫೋನು ಮಾಡಿದೆ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ನಮ್ಮೋರು ಮೇಲೆ ಹೋಗಿಬಿಟ್ಟಿದಾರೆ."

ಆ ಕಡೆ ಬಹಳ ಹೊತ್ತು ಮಾತಿಲ್ಲ. ಅವರಿಗದು ಸಹಜವಾದ್ದರಿಂದ ನನಗೆ ಏನೂ ಅನ್ನಿಸಲಿಲ್ಲ.

"ಎಷ್ಟೊತ್ತಿಗೆ ಹೋದ್ರಮ್ಮ?" ಎಂದರು ಕೊನೆಗೆ.

"ಎಂಟೂ ಹತ್ತಕ್ಕೆ. ಬೇಗ ಬನ್ನಿ. ಬರೋವಾಗ ಸ್ಪ್ಯಾನರ್ ತನ್ನಿ."

"ಸ್ಪ್ಯಾನರ್ ಯಾಕಮ್ಮ?"

"ಇಳಿಸೋಕೆ."

ಫೋನು ಇಟ್ಟುಬಿಟ್ಟರು. ಪಾಪ, ದುಃಖದಲ್ಲಿ ನನ್ನ ಬುದ್ಧಿ ಕೆಟ್ಟಿದೆ ಎಂದುಕೊಂಡರಂತೆ. ಆದರೂ ಮೂವತ್ತು ವರ್ಷದ ಅಭ್ಯಾಸ, ಸ್ಪ್ಯಾನರ್ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಹೊರಟರಂತೆ.

ಅವರು ಬರುವವರೆಗಿನ ಆ ಇಪ್ಪತ್ತು ನಿಮಿಷವನ್ನು ನಾನು ಯಾರಿಗೂ ನಗಿಸಿ ಹೇಳಲಾರೆ. ಅತ್ತೆ ಬೀದಿ ನೋಡಲು ಹೊರಬಾಗಿಲಿಗೆ ಹೋದರು. ನಾನು ಮೋಟು ಸ್ಟೂಲಿನ ಮೇಲೆ ಕೂತು, ಕೈಗೆ ಎಟುಕಿದ್ದನ್ನು ಹಿಡಿದುಕೊಂಡೆ. ಎಟುಕಿದ್ದು ಇವರ ಪಾದದ ಗಂಟು. ಅಲ್ಲೂ ನಾಡಿ ಸಿಗುತ್ತದೆ ಎಂದು ಎಲ್ಲೋ ಓದಿದ್ದೆ. ಬೆರಳಿಟ್ಟು ಎಣಿಸಿದೆ, ತಪ್ಪಿತು, ಮತ್ತೆ ಎಣಿಸಿದೆ. ಒಮ್ಮೆ ಇದ್ದ ಹಾಗೆ, ಒಮ್ಮೆ ಇಲ್ಲದ ಹಾಗೆ. ಎರಡು ವಾರದಿಂದ ಪೆನ್ಸಿಲಿನ ಹಿಂದೆ ಬಚ್ಚಿಟ್ಟಿದ್ದದ್ದೆಲ್ಲ ಒಟ್ಟಿಗೆ ಹೊರಬಂತು. ಆ ಕೆಳಗಿಳಿಯುವ ಗೆರೆ, ಡಾಕ್ಟರ ಮೆಲುದನಿ, ನಾನು ಅರ್ಧ ಕೇಳಿ ಬಿಟ್ಟ ಮಾತು. ಇವರ ಎದೆಗೆ ಏನಾದರೂ ಆದರೆ ಅದನ್ನು ಮಾಡಿದ್ದು ರೋಗವಲ್ಲ, ನಾನು. ಎದೆ ನೋಯುತ್ತಿದೆಯೇ ಎಂದು ಕೇಳಿದೆ.

"ಇಲ್ಲ. ಕತ್ತು ನೋಯ್ತಿದೆ."

"ಕಾಲು ಹೀಗೆ ನಡುಗ್ತಾ ಇದೆಯಲ್ರೀ."

ಇವರು ಕಣ್ಣು ಮುಚ್ಚಿಕೊಂಡೇ ಸ್ವಲ್ಪ ಯೋಚಿಸಿದರು. "ನಡುಗ್ತಿರೋದು ನನ್ನ ಕಾಲಲ್ಲ ಕಣೆ. ನಿನ್ನ ಕೈ," ಎಂದರು.

ಆಮೇಲೆ ನಾನು ಅತ್ತುಬಿಟ್ಟೆ. ಇವರು ಕಾಲಿನ ಹೆಬ್ಬೆರಳನ್ನು ಒಂದು ಸಲ ನನ್ನ ಬೆರಳಿಗೆ ಒತ್ತಿದರು. ಅಷ್ಟಕ್ಕೇ ಪೀಠ ಪುಸ್ ಎಂದಿತು. ಇಬ್ಬರೂ ಬೆಚ್ಚಿ ಸುಮ್ಮನಾದೆವು.

ಮೌನಿ ಫಿಟ್ಟರು ಒಳಗೆ ಬಂದಾಗ ಮುಖ ನೆಲ ನೋಡುತ್ತಿತ್ತು. ಕೋಣೆಯ ಬಾಗಿಲಲ್ಲಿ ನಿಂತು, ಧೈರ್ಯ ತಂದುಕೊಂಡು ತಲೆಯೆತ್ತಿದರು. ಹೋದವರು ಮೇಲಿನಿಂದ ನಮಸ್ಕಾರ ಎಂದರು. ಫಿಟ್ಟರು ಗೋಡೆಗೆ ಒರಗಿ, ಚೀಲ ಕೆಳಗಿಟ್ಟು, ಮುಖ ಒರೆಸಿಕೊಂಡರು. ಅವರಿಗಾದ ಸಮಾಧಾನ ನನಗಾದದ್ದಕ್ಕಿಂತ ಕಡಿಮೆಯೇನಲ್ಲ ಎಂದು ಅವರ ಕಣ್ಣಿನಲ್ಲೇ ಕಂಡಿತು. ಆಮೇಲೆ ಒಂದು ಪ್ರಶ್ನೆಯನ್ನೂ ಕೇಳದೆ ನೆಲಕ್ಕೆ ಮಲಗಿ, ತಗಡಿನ ಹೊದಿಕೆಯ ಗೊಡವೆಗೇ ಹೋಗದೆ, ಅದರ ಹಿಂಬದಿಯಲ್ಲಿ ಕೈ ತೂರುವಷ್ಟು ಇದ್ದ ಸಂದಿಯನ್ನು ಹುಡುಕಿದರು. ಆ ಸಂದಿ ನನ್ನ ನಕ್ಷೆಯಲ್ಲಿ ಇರಲಿಲ್ಲ. ಬಟ್ಟೆ ಒಗೆಯುವ ಟಬ್ಬು ಬೇಕೆಂದು ಕೈಸನ್ನೆ ಮಾಡಿದರು. ಅತ್ತೆ ತಂದು ತಳ್ಳಿದರು. ಒಂದು ನಟ್ಟನ್ನು ಅರ್ಧ ಸುತ್ತು ಸಡಿಲಿಸಿದ್ದೇ ಎಣ್ಣೆ ಸಣ್ಣ ಧಾರೆಯಾಗಿ ಟಬ್ಬಿಗೆ ಇಳಿಯಿತು, ಮೇಲಿನಿಂದ ನಮ್ಮವರು ಇಳಿಯತೊಡಗಿದರು.

ಎಷ್ಟು ಗಂಭೀರವಾಗಿ ಇಳಿದರು! ಒಂದು ಕುಲುಕಿಲ್ಲ, ಒಂದು ಜಗ್ಗಿಲ್ಲ. ಸೂರು ಬಿಟ್ಟರು, ಕತ್ತು ನೆಟ್ಟಗಾಯಿತು, ಬೀರುವಿನ ಅಂಚು ದಾಟಿದರು. ಇಳಿಯುವಾಗ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ತಂದದ್ದನ್ನು ನಾನು ಕಂಡೂ ಕಾಣದ ಹಾಗಿದ್ದೆ. ಮೂವತ್ತೊಂದು ವರ್ಷದಲ್ಲಿ ನನ್ನ ಯಾವ ಕುರ್ಚಿಯೂ ಅಷ್ಟು ಮೃದುವಾಗಿ ಇಳಿದಿಲ್ಲ. ಪೀಠ ತಳ ಮುಟ್ಟಿದಾಗ ಇವರು ಒಂದು ಕಣ್ಣು ತೆರೆದು, ನೆಲ ಗುರುತು ಹಿಡಿದು, ಹೆಜ್ಜೆ ಇಟ್ಟು ಬಂದು ಸ್ಟೂಲಿನ ಮೇಲೆ ಕೂತರು. ನಾನು ಕೂಡಲೇ ಮಣಿಕಟ್ಟು ಹಿಡಿದು ಗಡಿಯಾರ ನೋಡಿದೆ. ಎಂಬತ್ತನಾಲ್ಕು. ತಾಳ ಹಾಕಿದ ಹಾಗೆ ಸಮವಾಗಿ ಬಡಿಯುತ್ತಿತ್ತು. ಇವರು ನನ್ನ ಮಣಿಕಟ್ಟು ಹಿಡಿದರು. ನೂರ ಮೂವತ್ತೆರಡು. ಯಾರನ್ನು ಡಾಕ್ಟರ ಹತ್ತಿರ ಕರೆದೊಯ್ಯಬೇಕು ಎಂದು ಅತ್ತೆ ಕೇಳಿದರು.

ಫಿಟ್ಟರಿಗೆ ಚಹಾ ಕೊಟ್ಟೆ. ಕುಡಿದರು, ಲೋಟ ಇಟ್ಟರು, ಚೀಲ ಹೆಗಲಿಗೇರಿಸಿದರು. ಹೊಸ್ತಿಲು ದಾಟುವಾಗ ತಿರುಗಿ ನನ್ನನ್ನು ನೋಡಿ ಒಂದೇ ಮಾತು ಹೇಳಿದರು:

"ಕೆಮ್ಮು."

ಅಷ್ಟಕ್ಕೇ ಬುದ್ಧಿ ಬಂದಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಡಾಕ್ಟರು ಕೊಟ್ಟ ಗಡುವಿಗೆ ಇನ್ನೂ ಆರು ವಾರ ಇತ್ತು. ಎರಡು ಕೆಲಸಕ್ಕೆ ಎರಡು ವಾಲ್ವು, ಗುಂಡಿಗೆ ಬಿಗಿ ತಿರುಪು, ತುರ್ತಾಗಿ ಇಳಿಸಲು ಒಂದು ಹಿಡಿ. ಹೊಸ ನಕ್ಷೆ ಅಂದು ಸಂಜೆಯೇ ಸಿದ್ಧವಾಯಿತು. ಮರುದಿನದಿಂದ ಬೆಳಿಗ್ಗೆ ಆರಕ್ಕೆ ಎದ್ದು, ಕಾರ್ಖಾನೆಗೆ ಹೊರಡುವವರೆಗೂ ರಿಪೇರಿ. ಆದರೆ ಒಂದು ಸರಿಮಾಡಿದರೆ ಇನ್ನೊಂದು ಕೈಕೊಡುತ್ತಿತ್ತು. ಎಣ್ಣೆ ಸೋರುವುದು ನಿಂತರೆ ಹಲಗೆ ಅಂಟಿಕೊಳ್ಳುತ್ತಿತ್ತು, ಹಲಗೆ ಬಿಟ್ಟುಕೊಂಡರೆ ಕಂಬ ಕುಸಿಯುತ್ತಿತ್ತು. ನಮ್ಮವರನ್ನು ಹತ್ತಿಸಿ ನೋಡೋಣವೆಂದರೆ ಅವರು ಮನೆಯಲ್ಲೇ ಇರುತ್ತಿರಲಿಲ್ಲ. ನಿಘಂಟು ಕೊನೆಯ ಸಂಪುಟಕ್ಕೆ ಬಂದಿದೆ, ಅಚ್ಚುಕೂಟದಲ್ಲಿ ಅವಸರ ಎಂದು ನಾನು ಏಳುವ ಮೊದಲೇ ಹೊರಟುಬಿಡುತ್ತಿದ್ದರು. ರಜೆಯ ದಿನವೂ ಅವಸರ. ಸಂಜೆ ಬಂದಾಗ, ನಾಳೆ ಖಂಡಿತ ಸಿದ್ಧವಾಗುತ್ತದೆ ಎಂದು ನಾನು ಹೇಳುತ್ತಿದ್ದೆ. ಕೇಳಿದೊಡನೆ ಇವರ ಮುಖ ಬಾಡುತ್ತಿತ್ತು. ಇನ್ನೂ ಒಂದು ದಿನ ಕಾಯಬೇಕಲ್ಲ ಎಂಬ ಬೇಸರವೆಂದು ತಿಳಿದು, ನಾನು ಸಮಾಧಾನ ಹೇಳುತ್ತಿದ್ದೆ. ಅತ್ತೆ ಏನೋ ಹೇಳಲು ಬಾಯಿ ತೆರೆದು, ಮಗನ ಮುಖ ನೋಡಿ, ತರಕಾರಿ ಹೆಚ್ಚುತ್ತಿದ್ದರು.

ಯಂತ್ರ ಸಿದ್ಧವಾಗಲೇ ಇಲ್ಲ. ಗಡುವಿನ ದಿನ ಬಂತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತು, ಸೋತವಳ ಹಾಗೆ ಕೈಚೀಲದ ಪಟ್ಟಿ ತಿರುಚುತ್ತಿದ್ದೆ. ಎರಡು ತಿಂಗಳು ಕೊಟ್ಟಿದ್ದರು. ಒಂದು ಬೆಳಿಗ್ಗೆ ಸೂರಿಗೆ ಹತ್ತಿಸಿದ್ದು ಬಿಟ್ಟರೆ ಆ ಜೀವಕ್ಕೆ ನಾನು ಒಂದು ಹೆಜ್ಜೆಯನ್ನೂ ಕೊಟ್ಟಿರಲಿಲ್ಲ. ಒಳಗಿನಿಂದ ಓಡುವ ಪಟ್ಟಿಯ ಗುಂಯ್ ಸದ್ದು ಕೇಳುತ್ತಿತ್ತು. ಹಿಂದಿನ ಸಲ ಆರು ನಿಮಿಷಕ್ಕೆ ನಿಂತಿತ್ತು. ಆರು ಕಳೆಯಿತು. ಎಂಟು ಕಳೆಯಿತು. ಹತ್ತು. ಹನ್ನೊಂದಕ್ಕೆ ಸದ್ದು ನಿಂತು, ನನ್ನನ್ನು ಒಳಗೆ ಕರೆದರು.

ಡಾಕ್ಟರು ಕಾಗದವನ್ನು ಮೇಜಿನ ಮೇಲೆ ಹರಡಿದರು. ನಾನು ಕುರ್ಚಿಯ ಅಂಚಿನಲ್ಲಿ ಕೂತು ಬಗ್ಗಿ ನೋಡಿದೆ. ಏಳಬೇಕಾದ ಕಡೆ ಗೆರೆ ಏಳುತ್ತಿತ್ತು. ಒಂದೊಂದೂ, ಒಂದಾದ ಮೇಲೊಂದು, ಏಳುತ್ತಿತ್ತು. ಮೂವತ್ತೊಂದು ವರ್ಷ ಗೆರೆ ನೋಡಿದ್ದೇನೆ, ಅಷ್ಟು ಚೆಂದದ ಗೆರೆ ಕಂಡಿಲ್ಲ. ದೊಡ್ಡಾಸ್ಪತ್ರೆಯ ಮಾತೇ ಬೇಡ, ತೂಕವೂ ಏಳು ಕಿಲೋ ಇಳಿದಿದೆ ಎಂದರು ಡಾಕ್ಟರು. ಎದೆಯ ಮೇಲೆ ಎರಡು ತಿಂಗಳಿಂದ ಕೂತಿದ್ದದ್ದು ಏನೋ ಎದ್ದುಹೋಯಿತು; ಉಸಿರು ಹೊಟ್ಟೆಯ ತಳದವರೆಗೆ ಹೋಗಿ ಬಂತು. ಮನೆಯಲ್ಲಿ ನೀವೇ ಯಂತ್ರ ಮಾಡುತ್ತಿದ್ದಿರಲ್ಲ, ಅದು ದಿನಕ್ಕೆ ಎಷ್ಟು ಹೆಜ್ಜೆ ಎಂದು ಡಾಕ್ಟರು ನನ್ನನ್ನೇ ಕೇಳಿದರು. ನಮ್ಮವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಅದರ ಮೇಲೆ ನಾನು ಹತ್ತಿದ್ದು ಒಂದೇ ಸಲ ಡಾಕ್ಟ್ರೇ. ಅವತ್ತಿಂದ ದಿನಾ ಬೆಳಿಗ್ಗೆ ಇವಳು ಸ್ಪ್ಯಾನರ್ ತಗೊಳ್ಳೋ ಮೊದಲೇ ಮನೆಯಿಂದ ಹೊರಗೆ ಬೀಳ್ತೀನಿ. ಕೆರೆ ಸುತ್ತ ಎರಡು ಸುತ್ತು, ಆಮೇಲೆ ಅಚ್ಚುಕೂಟದವರೆಗೂ ನಡಿಗೆ. ಸಂಜೆ ಇವಳು ನಾಳೆ ಯಂತ್ರ ಖಂಡಿತ ರೆಡಿ ಅಂದ್ರೆ, ಮಾರನೇ ಬೆಳಿಗ್ಗೆ ಇನ್ನೂ ಒಂದು ಸುತ್ತು."

"ನಾಯಿ?" ಎಂದೆ ನಾನು.

"ಇದೆ. ನಿನ್ನ ಯಂತ್ರದಷ್ಟು ಹೆದರಿಕೆ ಆಗಲ್ಲ."

ಡಾಕ್ಟರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಚೀಟಿ ಎಳೆದುಕೊಂಡು ಬರೆಯತೊಡಗಿದರು. ಮಾತ್ರೆ ಒಂದನ್ನು ಹೊಡೆದುಹಾಕಿದರು, ಇನ್ನೊಂದನ್ನು ಅರ್ಧ ಮಾಡಿದರು. ಆಮೇಲೆ ಕೆಳಗೆ ಎರಡು ಸಾಲು ಬರೆದು, ಗೆರೆ ಎಳೆದು, ಸಹಿ ಹಾಕಿ, ಚೀಟಿಯನ್ನು ರೋಗಿಗೆ ಕೊಡದೆ ನನ್ನ ಕೈಗೆ ಕೊಟ್ಟರು:

'ಯಂತ್ರದ ರಿಪೇರಿಯನ್ನು ಪ್ರತಿದಿನ ಬೆಳಿಗ್ಗೆ ತಪ್ಪದೆ ಮುಂದುವರಿಸುವುದು. ಯಾವ ಕಾರಣಕ್ಕೂ ಮುಗಿಸಬಾರದು.'